ಏರುವ ಗೆರೆಯೆಲ್ಲ ನೇರಾನುಪಾತವಲ್ಲ

ಮಳೆಗಾಲ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಜನ ಪತ್ರಿಕೆಯಲ್ಲಿ ಹುಡುಕಿ ಓದುವುದು ಆಲಮಟ್ಟಿ ಜಲಾಶಯದ ಮಟ್ಟವನ್ನು. ಗರಿಷ್ಠ ಮಟ್ಟ 519.60 ಮೀಟರ್. ಅಷ್ಟು ತುಂಬಿದಾಗ ಸಂಗ್ರಹ ಸುಮಾರು 123 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಈ ಅಂಕಿ ನೋಡುತ್ತ ನಾವು ಮನಸ್ಸಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಹೋದ ವಾರ ಒಂದು ಮೀಟರ್ ಏರಿದಾಗ ಎಷ್ಟು ನೀರು ಬಂತೋ, ಇನ್ನೊಂದು ಮೀಟರ್ ಏರಿದರೆ ಅಷ್ಟೇ ಬರುತ್ತೆ, ಅಲ್ವಾ?

ಇಲ್ಲ, ಅದಕ್ಕಿಂತ ಜಾಸ್ತಿ ಬರುತ್ತೆ. ನದಿಯ ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ತಳದ ಒಂದು ಮೀಟರ್ ನೀರು ನದಿಪಾತ್ರದಲ್ಲೇ ಮುಗಿದುಹೋಗುತ್ತದೆ. ಮೇಲಿನ ಒಂದು ಮೀಟರ್ ಹೊಲ, ಊರುಗಳ ಮೇಲೆ ಹರಡಬೇಕು. ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಹಳೇ ಬಾಗಲಕೋಟೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಟ್ಟವನ್ನು ಅಡ್ಡಗೆರೆಯ ಮೇಲೆ, ಸಂಗ್ರಹವನ್ನು ನಿಂತ ಗೆರೆಯ ಮೇಲೆ ಇಟ್ಟು ಗ್ರಾಫ್ ಬರೆಯಿರಿ. ಗೆರೆ ಏರುತ್ತದೆ, ಆದರೆ ಮೇಲ್ಮುಖವಾಗಿ ಬಾಗುತ್ತ ಏರುತ್ತದೆ.

ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುತ್ತದೆ ಎಂದ ತಕ್ಷಣ 'ನೇರಾನುಪಾತ' ಎಂದು ಬರೆದುಬಿಡುವ ಮಕ್ಕಳು ಬಹಳ. ನೇರಾನುಪಾತಕ್ಕೆ ಷರತ್ತು ಇದಕ್ಕಿಂತ ಬಿಗಿ. ಒಂದು ಎರಡು ಪಟ್ಟಾದರೆ ಇನ್ನೊಂದೂ ಸರಿಯಾಗಿ ಎರಡೇ ಪಟ್ಟಾಗಬೇಕು. ಒಂದು ಸೊನ್ನೆಯಾದರೆ ಇನ್ನೊಂದೂ ಸೊನ್ನೆಯಾಗಬೇಕು. ಅಂದರೆ ಗೆರೆ ನೇರವಾಗಿರಬೇಕು, ಜೊತೆಗೆ ಮೂಲಬಿಂದುವಿನಿಂದಲೇ ಹೊರಡಬೇಕು.

ಈ ಎರಡನೇ ಮಾತನ್ನು ಮರೆಯುವವರೇ ಜಾಸ್ತಿ. 20 ಸೆಂಟಿಮೀಟರ್ ಉದ್ದದ ಒಂದು ಸ್ಪ್ರಿಂಗ್ ಇದೆ ಎನ್ನೋಣ. 1 ಕಿಲೋ ತೂಗುಹಾಕಿದರೆ 22 ಸೆಂಟಿಮೀಟರ್, 2 ಕಿಲೋಗೆ 24. ಉದ್ದದ ಗ್ರಾಫ್ ನೆಟ್ಟಗೇ ಇದೆ, ಆದರೆ ಅದು ಶುರುವಾಗುವುದು 20ರಿಂದ. ತೂಕ ದುಪ್ಪಟ್ಟಾದಾಗ ಉದ್ದ ದುಪ್ಪಟ್ಟಾಗಲಿಲ್ಲ. ದುಪ್ಪಟ್ಟಾದದ್ದು ಸ್ಪ್ರಿಂಗ್ ಎಷ್ಟು ಹಿಗ್ಗಿತು ಎನ್ನುವುದು: 2 ಇದ್ದದ್ದು 4 ಆಯಿತು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಈ ಹಿಗ್ಗಿನ ಬಗ್ಗೆ. ಆಲಮಟ್ಟಿಯ 519.60 ಕೂಡ ಹೀಗೇ. ಅದು ಸಮುದ್ರಮಟ್ಟದಿಂದ ಹಿಡಿದ ಎತ್ತರ, ನೀರಿನ ಆಳವಲ್ಲ.

ಈಗ ಅದೇ ಅಣೆಕಟ್ಟೆಯಲ್ಲಿ ನೀರಿನ ಒತ್ತಡ ನೋಡೋಣ. ನೀರಿನ ಮೇಲ್ಮೈಯಿಂದ ಕೆಳಗೆ ಇಳಿದಂತೆ ಪ್ರತಿ ಮೀಟರಿಗೆ ಸುಮಾರು 9.8 ಕಿಲೋಪಾಸ್ಕಲ್ ಒತ್ತಡ ಸೇರುತ್ತ ಹೋಗುತ್ತದೆ. 10 ಮೀಟರ್ ಆಳದಲ್ಲಿ 98, 20 ಮೀಟರ್ ಆಳದಲ್ಲಿ 196. ಗೆರೆ ಸೊನ್ನೆಯಿಂದ ಹೊರಟು ನೆಟ್ಟಗೆ ಹೋಗುತ್ತದೆ. ಹಿಂದೆ ನಿಂತ ನೀರು 20 ಟಿಎಂಸಿಯೋ 120 ಟಿಎಂಸಿಯೋ, ಒತ್ತಡಕ್ಕೆ ಸಂಬಂಧವಿಲ್ಲ. ಅದಕ್ಕೆ ಬೇಕಾದದ್ದು ಆಳ ಮಾತ್ರ.

ನನಗೆ ತುಂಬ ಇಷ್ಟದ ಸಂಗತಿ ಈ ಗೆರೆಯ ಕೆಳಗೇ ಇದೆ. ಆಳದ ಅಕ್ಷ ಮತ್ತು ಒತ್ತಡದ ಗೆರೆ ಸೇರಿ ಒಂದು ತ್ರಿಕೋನವಾಗುತ್ತದೆ. ಅದರ ವಿಸ್ತೀರ್ಣವೇ ಗೋಡೆಯ ಒಂದು ಮೀಟರ್ ಅಗಲದ ಪಟ್ಟಿಯ ಮೇಲೆ ನೀರು ಹಾಕುವ ಒಟ್ಟು ಬಲ. 10 ಮೀಟರ್ ಆಳದ ನೀರಿಗೆ ಅದು ಸುಮಾರು 50 ಟನ್ ಭಾರದಷ್ಟು. 20 ಮೀಟರಿಗೆ 100 ಅಲ್ಲ, 200 ಟನ್. ತ್ರಿಕೋನದ ಬುಡವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು, ಹಾಗಾಗಿ ಬಲ ನಾಲ್ಕು ಪಟ್ಟು. ಅಣೆಕಟ್ಟೆಯ ಗೋಡೆಯನ್ನು ಬುಡದಲ್ಲಿ ಅಷ್ಟು ದಪ್ಪ ಕಟ್ಟುವುದು ಸುಮ್ನೆ ಅಲ್ಲ.

ಬಾಗಿದ ಗೆರೆ ಸಿಕ್ಕರೆ ಏನು ಮಾಡುವುದು? ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತಕ್ಕೆ ಬನ್ನಿ. ಅಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಅಂಚು ದಾಟಿದ ನೀರು 1 ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ, 2 ಸೆಕೆಂಡಿನಲ್ಲಿ 19.6, 3 ಸೆಕೆಂಡಿನಲ್ಲಿ 44.1. ಮೂರೂಕಾಲು ಸೆಕೆಂಡಿಗೆ ತಳ. ಗ್ರಾಫ್ ಸೊನ್ನೆಯಿಂದಲೇ ಹೊರಟಿದೆ, ಆದರೆ ಬಾಗಿದೆ. ಈಗ ಅಡ್ಡಗೆರೆಯ ಮೇಲೆ ಕಾಲದ ಬದಲು ಕಾಲದ ವರ್ಗ ಇಡಿ: 1, 4, 9. ನಿಂತ ಗೆರೆಯ ಮೇಲೆ ಅದೇ 4.9, 19.6, 44.1. ಭಾಗಿಸಿ ನೋಡಿ, ಪ್ರತಿ ಸಲವೂ 4.9! ಬಿಂದುಗಳು ಸಾಲಾಗಿ ನೆಟ್ಟಗೆ ನಿಲ್ಲುತ್ತವೆ. ದೂರ ನೇರಾನುಪಾತದಲ್ಲಿರುವುದು ಕಾಲಕ್ಕಲ್ಲ, ಕಾಲದ ವರ್ಗಕ್ಕೆ. ಗೆಲಿಲಿಯೊ ಓರೆ ಹಲಗೆಯ ಮೇಲೆ ಗುಂಡು ಉರುಳಿಸಿ, ತೊಟ್ಟಿಯಿಂದ ಸುರಿದ ನೀರನ್ನು ತೂಗಿ ಸಮಯ ಅಳೆದು 1638ರಲ್ಲಿ ಜಗತ್ತಿಗೆ ತಿಳಿಸಿದ್ದು ಇದನ್ನೇ. ನಮ್ಮ ಜಲಪಾತದ ಗ್ರಾಫಿನ ಗೆರೆಯ ಇಳಿಜಾರು 4.9, ಅಂದರೆ ಗುರುತ್ವ ವೇಗೋತ್ಕರ್ಷದ ಅರ್ಧ.

ನಿಜವಾದ ನೀರು ಹೀಗೆ ಬೀಳುವುದಿಲ್ಲ. ಬೀಳುತ್ತ ಬೀಳುತ್ತ ಒಡೆದು ಹನಿಯಾಗುತ್ತದೆ, ಹನಿಗೆ ಗಾಳಿ ಅಡ್ಡ ಬರುತ್ತದೆ. ಒಂದು ಹನಿಯನ್ನು ಕ್ಯಾಮೆರಾದಲ್ಲಿ ಹಿಂಬಾಲಿಸಿ ಅಳೆದರೆ, ಮೊದಲ ಬಿಂದುಗಳು ನೇರ ಗೆರೆಯ ಮೇಲೇ ಕೂರುತ್ತವೆ, ಮುಂದಿನವು ಅದರ ಕೆಳಗೆ ಜಾರುತ್ತವೆ. ಆ ಬಿಂದುಗಳನ್ನು ಅಳಿಸಿ ಗೆರೆಗೆ ಹೊಂದಿಸಬಾರದು. ಗೆರೆಗೂ ಅವುಗಳಿಗೂ ನಡುವಿನ ಅಂತರ ನೋಡಿಯೇ ಗಾಳಿ ಆ ಹನಿಯನ್ನು ಎಷ್ಟು ತಡೆಯಿತು ಅಂತ ಲೆಕ್ಕ ಹಾಕಬಹುದು.