ಲೀಡ್ ಆಡಿಟರ್ ಕೋರ್ಸ್ ಮಾಡಿದರೆ ಸೇಫ್ಟಿ ಆಫೀಸರ್ ಆಗಬಹುದೇ?

ಪ್ರಶ್ನೆ: ಐದು ದಿನಗಳ ಐಎಸ್‌ಒ 45001 ಲೀಡ್ ಆಡಿಟರ್ ಕೋರ್ಸ್‌ಗೆ ಸೇರಬೇಕೆಂದಿದ್ದೇನೆ. ಸೇಫ್ಟಿ ಆಫೀಸರ್ ಕೆಲಸಕ್ಕೆ ಅಷ್ಟು ಸಾಕೇ?

ಉತ್ತರ: ಸಾಲದು. ಆ ಕೋರ್ಸಿನಲ್ಲಿ ಮುಖ್ಯವಾಗಿ ಕಲಿಸುವುದು ಆಡಿಟ್ ಮಾಡುವುದನ್ನು, ಅಂದರೆ ಕಂಪನಿಯ ವ್ಯವಸ್ಥೆ ಮಾನದಂಡಕ್ಕೆ ತಕ್ಕಂತಿದೆಯೇ ಎಂದು ಪರಿಶೀಲಿಸುವುದನ್ನು. ಐಎಸ್‌ಒ 45001 ಎಂಬುದು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ 2018ರಲ್ಲಿ ತಂದ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ ನಿರ್ವಹಣೆಯ ಮಾನದಂಡ. ಅದರ ಪ್ರಮಾಣಪತ್ರ ಸಿಗುವುದು ಸಂಸ್ಥೆಗೆ, ವ್ಯಕ್ತಿಗಲ್ಲ. ಅದನ್ನು ಕೊಡುವುದೂ ಐಎಸ್‌ಒ ಅಲ್ಲ, ಸ್ವತಂತ್ರ ಪ್ರಮಾಣೀಕರಣ ಸಂಸ್ಥೆಗಳು. ನಿಮ್ಮ ಕೈಗೆ ಬರುವುದು ಕೋರ್ಸ್ ಪಾಸಾದ ಪತ್ರವಷ್ಟೇ. ಐಎಸ್‌ಒ 31000ಕ್ಕೆ ಕಂಪನಿಯನ್ನು ಸರ್ಟಿಫೈ ಮಾಡಿಸಿಕೊಡುತ್ತೇವೆ ಎನ್ನುವವರನ್ನಂತೂ ನಂಬಬೇಡಿ. ಅದು ರಿಸ್ಕ್ ನಿರ್ವಹಣೆಯ ಮಾರ್ಗಸೂಚಿ, ಪ್ರಮಾಣೀಕರಣಕ್ಕೆಂದು ಬರೆದದ್ದಲ್ಲ.

ಸೇಫ್ಟಿ ಆಫೀಸರ್‌ಗೆ ಬೇಕಾದ ಕಸುಬೇ ಬೇರೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲೇ ಜನರೂ ನಡೆಯುತ್ತಾರೆ ಎಂದುಕೊಳ್ಳಿ. ರಿಸ್ಕ್ ಅಸೆಸ್‌ಮೆಂಟ್ (ಅಪಾಯವನ್ನು ಅಳೆದು ನೋಡುವ) ಹಾಳೆಯಲ್ಲಿ, ಐದರ ಅಳತೆಯಲ್ಲಿ, ಸಂಭವ 4, ತೀವ್ರತೆ 5, ಗುಣಿಸಿದರೆ 20. ಹೊಳೆಯುವ ಜಾಕೆಟ್ ಕೊಟ್ಟೆವು ಎಂದು ಬರೆದು ತೀವ್ರತೆಯನ್ನು 2ಕ್ಕೆ ಇಳಿಸಿದರೆ ಅಂಕ 8ಕ್ಕೆ ಇಳಿದು ಹಾಳೆಯಲ್ಲಿ ಅಪಾಯ ತಗ್ಗಿದಂತೆ ಕಾಣುತ್ತದೆ. ಆದರೆ ಜಾಕೆಟ್ ಹಾಕಿದವನಿಗೆ ಗಾಡಿ ಗುದ್ದಿದರೂ ಜೀವ ಹೋಗಬಹುದು! ಜಾಕೆಟ್ಟಿನಿಂದ ಸಂಭವ ತುಸು ತಗ್ಗೀತು, ತೀವ್ರತೆ ಅಲ್ಲೇ ಇರುತ್ತದೆ. ನಡೆಯುವವರಿಗೆ ಬೇರೆ ದಾರಿ ಮಾಡಿ ನಡುವೆ ಗಟ್ಟಿ ತಡೆಗೋಡೆ ಹಾಕಿದಾಗ ಮಾತ್ರ ಸಂಭವ ನಿಜಕ್ಕೂ ಇಳಿಯುತ್ತದೆ. ಅಪಾಯವನ್ನೇ ತೆಗೆದುಹಾಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಾ, ಯಂತ್ರಕ್ಕೆ ತಡೆ ಹಾಕು, ಕೆಲಸದ ಕ್ರಮ ಬದಲಿಸು, ಹೆಲ್ಮೆಟ್ಟು ಜಾಕೆಟ್ಟು ಕೊನೆಗೆ: ಈ ಅನುಕ್ರಮ ಎಲ್ಲ ಕೋರ್ಸ್‌ಗಳಲ್ಲೂ ಬರುತ್ತದೆ. ಬಾಯಿಪಾಠ ಒಂದು ದಿನದ ಕೆಲಸ. ಎದುರಿಗಿರುವ ಗೋದಾಮಿಗೆ ಅದನ್ನು ಹೊಂದಿಸುವುದು ಅಭ್ಯಾಸದಿಂದಲೇ ಬರಬೇಕು.

ಹಾಗಾಗಿ ನನ್ನ ಒಲವು ಪ್ರಾಯೋಗಿಕ ಪರೀಕ್ಷೆ ಇರುವ ಕೋರ್ಸ್‌ಗಳತ್ತ. ಬ್ರಿಟನ್ನಿನ ಸುರಕ್ಷತಾ ಪರೀಕ್ಷಾ ಮಂಡಳಿ ನೆಬಾಶ್ ಕೊಡುವ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್‌ನ ಎರಡನೇ ಭಾಗದಲ್ಲಿ ಒಂದು ಕೆಲಸದ ಜಾಗದ ರಿಸ್ಕ್ ಅಸೆಸ್‌ಮೆಂಟನ್ನು ನೀವೇ ಮಾಡಿ ಬರೆದುಕೊಡಬೇಕು. ಸುರಕ್ಷತಾ ವೃತ್ತಿಪರರ ಬ್ರಿಟಿಷ್ ಸಂಸ್ಥೆ ಐಒಎಸ್‌ಎಚ್‌ನ ‘ಮ್ಯಾನೇಜಿಂಗ್ ಸೇಫ್ಲಿ’ ಕೋರ್ಸ್ ಚಿಕ್ಕದು, ಸೂಪರ್‌ವೈಸರ್, ಮ್ಯಾನೇಜರ್‌ಗಳಿಗೆ ಚೆನ್ನಾಗಿ ಒಪ್ಪುತ್ತದೆ. ಲೀಡ್ ಆಡಿಟರ್ ಕೋರ್ಸನ್ನು ಕೆಲವು ವರ್ಷ ಕೆಲಸ ಮಾಡಿದ ಮೇಲೆ ಮಾಡಿ, ಆಗ ಅದರ ಬೆಲೆ ಗೊತ್ತಾಗುತ್ತದೆ.

ದುಡ್ಡು ಕಟ್ಟುವ ಮುನ್ನ ಎರಡು ವಿಷಯ ವಿಚಾರಿಸಿ. ಅನೇಕ ದೇಶಗಳಲ್ಲಿ ಸೇಫ್ಟಿ ಆಫೀಸರ್‌ಗೆ ಬೇಕಾದ ವಿದ್ಯಾರ್ಹತೆಯನ್ನು ಕಾನೂನೇ ಹೇಳಿರುತ್ತದೆ. ನೀವು ಕೆಲಸ ಮಾಡುವ ಕಡೆ ಈ ಸರ್ಟಿಫಿಕೇಟ್ ನಡೆಯುತ್ತದೆಯೇ? ಮತ್ತು ತರಬೇತಿ ಕೇಂದ್ರದವರನ್ನು ನೇರವಾಗಿ ಕೇಳಿ: ನಾನು ಬರೆದ ರಿಸ್ಕ್ ಅಸೆಸ್‌ಮೆಂಟನ್ನು ಸಾಲು ಸಾಲಾಗಿ ತಿದ್ದುವವರು ಯಾರು?