ಆಟಿ ತಿಂಗಳಿಗೆ ಆಗುವ ಕೋಳಿಗೂಡು: ಅಳತೆ, ಗಾಳಿ, ಅಂಗಳ

ಹಿತ್ತಲ ಕೋಳಿ ಸಾಕಣೆ ಕಲಿಯಲು ಶುರುಮಾಡಿದಾಗ ನಾನು ಮೊದಲು ಬರೆದುಕೊಂಡ ಸಾಲು ಇದು: ರಾತ್ರಿ ಮಲಗಲಿಕ್ಕೆ ಮಾತ್ರ ಗೂಡಾದರೆ ಒಂದು ದೊಡ್ಡ ಕೋಳಿಗೆ 1ರಿಂದ 1.5 ಚದರ ಅಡಿ ಸಾಕು. ಸಾಲು ತಪ್ಪಲ್ಲ. ಆದರೆ ಅದರೊಳಗೆ ಹೇಳದೆ ಬಿಟ್ಟ ಒಂದು ಷರತ್ತು ಉಂಟು. ಕೋಳಿ ಹಗಲಿಡೀ ಹೊರಗೆ ಮೇಯುತ್ತದೆ ಅಂತ ಅದು ನಂಬಿಕೊಂಡಿದೆ. ನಮ್ಮ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಲ್ಲಿ, ಮೂರು ದಿನ ಬಿಡದೆ ಸುರಿದರೆ ಹೇಂಟೆ ಬಾಗಿಲವರೆಗೆ ಬರುತ್ತದೆ, ಕತ್ತು ಚಾಚಿ ಅಂಗಳ ನೋಡುತ್ತದೆ, ತಿರುಗಿ ಒಳಗೆ ಹೋಗುತ್ತದೆ. ಆಗ ಮಲಗುವ ಗೂಡೇ ಅದಕ್ಕೆ ಊಟದ ಮನೆ, ಜಗಳದ ಮನೆ, ಎಲ್ಲ.

ಹಾಗಾಗಿ ಗೂಡು ಆರಿಸುವಾಗ ಜನವರಿಯ ಬಿಸಿಲಲ್ಲಿ ನಿಂತು ಜುಲೈಯ ಲೆಕ್ಕ ಹಾಕಬೇಕು. ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ನಾನು ಮಾಡಿದ ತಪ್ಪು

ಮೊದಲ ವರ್ಷ ತಯಾರಿ ಕಬ್ಬಿಣದ ಗೂಡು ತಂದೆ. ಉದ್ದ 4 ಅಡಿ, ಅಗಲ 3 ಅಡಿ. "ಹನ್ನೆರಡು ಕೋಳಿಗೆ ಆರಾಮ" ಅಂದರು ಮಾರಿದವರು. ನನ್ನ ಹತ್ತಿರ ಇದ್ದದ್ದು ಆರು ಹೇಂಟೆ, ಒಂದು ಹುಂಜ. ಜಾಗ ಧಾರಾಳ ಅಂದುಕೊಂಡೆ. ಫೆಬ್ರವರಿಯಲ್ಲಿ ಎರಡು ಹೇಂಟೆ ಒಟ್ಟಿಗೆ ಕಾವಿಗೆ ಕೂತವು. 21 ದಿನ ಕಳೆದು ಮರಿ ಬಂತು. ಕಾಗೆ, ಗಿಡುಗ ತಿಂದು ಉಳಿದದ್ದು ಹನ್ನೆರಡು. ಮಳೆ ಹಿಡಿಯುವಾಗ ಒಟ್ಟು ಹತ್ತೊಂಬತ್ತು, ಜಾಗ ಅದೇ 12 ಚದರ ಅಡಿ.

ಜುಲೈಯಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದು ತಲೆ ಬಗ್ಗಿಸಿದೆ. ಒಗ್ಗರಣೆಗೆ ಮೆಣಸು ಹೊತ್ತಿದ ಹಾಗೆ ಮೂಗಿಗೆ ಹೊಡೆಯಿತು, ಕಣ್ಣಲ್ಲಿ ನೀರು. ಮೇಲಿನ ತಗಡಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅದು ಸೋರಿದ್ದಲ್ಲ, ಕೋಳಿಗಳ ಉಸಿರಿನ ಆವಿಯೇ ತಣ್ಣಗಿನ ತಗಡಿಗೆ ತಾಗಿ ನೀರಾದದ್ದು. ಮೂಲೆಯಲ್ಲಿ ಒಂದು ಹರೆಯದ ಹೇಂಟೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಬಾಲದ ಬುಡದಲ್ಲಿ ಗರಿ ಇಲ್ಲ, ರಕ್ತ. ಉಳಿದವು ಕುಕ್ಕಿ ಕುಕ್ಕಿ ಹಾಗೆ ಮಾಡಿದ್ದವು.

ಆ ಖಾರ ವಾಸನೆ ಅಮೋನಿಯದ್ದು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅದು ಹುಟ್ಟುತ್ತದೆ. ಅದಕ್ಕೆ ಬೇಕಾದ್ದು ತೇವ ಮತ್ತು ಬಿಸಿ, ನಮ್ಮಲ್ಲಿ ಎರಡಕ್ಕೂ ಬರಗಾಲ ಇಲ್ಲ. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಕೋಳಿಗೆ ದಿನಕ್ಕೆ ಒಂದು ಕಿಲೋ. ಗಾಳಿ ಇಲ್ಲದ ಕಡೆ ಇದು ಸೇರಿದರೆ ಕೋಳಿಯ ಶ್ವಾಸನಾಳದ ಒಳಪದರ ಹಾಳಾಗುತ್ತದೆ, ಆಮೇಲೆ ಬೇರೆ ರೋಗಗಳಿಗೆ ದಾರಿ ಸುಲಭ. ನಿಂತುಕೊಂಡು ಮೂಸಿದರೆ ನಮಗೆ ಗೊತ್ತಾಗುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಕೋಳಿಯ ಮೂಗಿನ ಎತ್ತರಕ್ಕೆ ನಿಮ್ಮ ಮೂಗು ತನ್ನಿ. ಅಲ್ಲಿ ಉರಿ ಬಂದರೆ ಗಾಳಿ ಕಮ್ಮಿ ಅಂತಲೇ ಅರ್ಥ.

ಎಷ್ಟು ಕೋಳಿಗೆ ಅಂತ ಲೆಕ್ಕ?

ಇವತ್ತು ಇರುವ ಕೋಳಿಗಲ್ಲ. ದೀಪಾವಳಿಗೆ ಎಷ್ಟಿರುತ್ತವೆ ಅಂತ ಕೇಳಿಕೊಳ್ಳಿ. ಒಂದು ನಾಟಿ ಹೇಂಟೆಯ ಅಡಿಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತೇವೆ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜ. ಅವನ್ನು ಹೇಗೂ ಮಾರುತ್ತೇವೆ ಅಂತ ಲೆಕ್ಕದಿಂದ ಬಿಡುವವರು ಜಾಸ್ತಿ. ಆದರೆ ಮಾರುವ ತೂಕಕ್ಕೆ ಬರುವವರೆಗೆ ನಾಲ್ಕೈದು ತಿಂಗಳು ಅವು ನಮ್ಮಲ್ಲೇ ಇರುತ್ತವಲ್ವಾ? ಜಗಳ ಜಾಸ್ತಿ ಮಾಡುವುದೂ ಅವೇ.

ಈಗ ಹತ್ತು ಕೋಳಿ ಇದ್ದು, 25ಕ್ಕೆ ಏರಬಹುದು ಅಂತ ಇಟ್ಟುಕೊಳ್ಳಿ. ನಾನು ಜಾಗವನ್ನು ಮೂರು ತುಂಡು ಮಾಡುತ್ತೇನೆ. ಮಲಗುವ ಗೂಡು, ಮಾಡು (ಚಾವಣಿ) ಇರುವ ಅಂಗಳ, ಬಯಲು ಅಂಗಳ.

ಮಲಗುವ ಗೂಡಿಗೆ ಕೋಳಿಗೆ 2 ಚದರ ಅಡಿಯಂತೆ 50, ಅಂದರೆ 10 ಅಡಿ ಉದ್ದ, 5 ಅಡಿ ಅಗಲ. ಮಾಡು ಇರುವ ಅಂಗಳಕ್ಕೆ 4 ಚದರ ಅಡಿಯಂತೆ 100, ಅಂದರೆ 10 ಅಡಿಗೆ 10 ಅಡಿ. ಬಯಲಿಗೆ 8ರಿಂದ 10 ಚದರ ಅಡಿಯಂತೆ 200ರಿಂದ 250. ಮಳೆ ಬಿದ್ದ ದಿನ ಬಯಲು ಲೆಕ್ಕಕ್ಕಿಲ್ಲ. ಉಳಿಯುವುದು 150 ಚದರ ಅಡಿ, 25 ಕೋಳಿಗೆ ಹಂಚಿದರೆ ತಲೆಗೆ 6. ಇಡೀ ದಿನ ಮುಚ್ಚಿದ ಜಾಗದಲ್ಲೇ ಇರುವ ಕೋಳಿಗೆ 3ರಿಂದ 4 ಬೇಕು ಅಂತ ಕಲಿತಿದ್ದೇವೆ, ಹಾಗಾಗಿ ಸ್ವಲ್ಪ ಕೈಯಲ್ಲಿ ಉಳಿದಿದೆ. ಇನ್ನೊಂದು ಹೇಂಟೆ ಹೇಳದೆ ಕೇಳದೆ ಬಿದಿರಿನ ಮೆಳೆಯಿಂದ ಒಂಬತ್ತು ಮರಿ ಕರೆದುಕೊಂಡು ಬಂದರೂ ಸುಧಾರಿಸಬಹುದು.

ದುಡ್ಡು ಕಮ್ಮಿ ಇದ್ದರೆ ಎಲ್ಲಿ ಕಡಿತ ಮಾಡುವುದು? ಗೂಡಿನ ಅಂದದಲ್ಲಿ ಮಾಡಿ. ನಡುವಿನ ಮಾಡು ಇರುವ ಅಂಗಳದಲ್ಲಿ ಮಾತ್ರ ಬೇಡ. ನಮ್ಮ ಹೆಚ್ಚಿನವರು ಮಾಡುವುದು ಸರೀ ಉಲ್ಟಾ. ಚೆಂದದ ಪೆಟ್ಟಿಗೆ ತರುತ್ತಾರೆ, ಸುತ್ತ ಸುಮ್ನೆ ಬಲೆ ಕಟ್ಟುತ್ತಾರೆ.

ಮಾಡು, ಗೋಡೆ, ಗಾಳಿ

ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದಕ್ಕೆ ಬೆವರಿನ ಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಆವಿ ಹೊರಹಾಕಿ ತಣ್ಣಗಾಗಬೇಕು. ಗಾಳಿಯಲ್ಲೇ ತೇವ ತುಂಬಿದ್ದರೆ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ. ಘಟ್ಟದ ಮೇಲಿನ 36 ಡಿಗ್ರಿ ತಡೆಯುವ ಕೋಳಿ ಇಲ್ಲಿನ 33 ಡಿಗ್ರಿಯಲ್ಲಿ ರೆಕ್ಕೆ ಬಿಚ್ಚಿ ನಿಲ್ಲುವುದು ಇದಕ್ಕೇ. ಕರಾವಳಿ ಗೂಡಿನಲ್ಲಿ ಗಾಳಿ ಬೇಡವಾದ ತಿಂಗಳೇ ಇಲ್ಲ.

ಆದರೆ ಮಳೆಗಾಲದ ಗಾಳಿ ಪಡುವಣದಿಂದ, ನೈರುತ್ಯದಿಂದ ಇರಚಲು ಹೊತ್ತು ತರುತ್ತದೆ. ಎರಡಕ್ಕೂ ಹೊಂದುವ ದಾರಿ: ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಪಶ್ಚಿಮದ ಕಿರು ಗೋಡೆಯನ್ನು ಮುರಕಲ್ಲಿನಲ್ಲಿ ಪೂರ್ತಿ ಮುಚ್ಚಿ. ಉತ್ತರ ದಕ್ಷಿಣದಲ್ಲಿ ಒಂದು, ಒಂದೂವರೆ ಅಡಿ ಗೋಡೆ, ಅದರ ಮೇಲೆ ಮಾಡಿನವರೆಗೆ ಬಲೆ. ಮಾಡಿನ ಅಂಚು 3 ಅಡಿ ಹೊರಗೆ ಚಾಚಲಿ. ದಕ್ಷಿಣಕ್ಕೆ ಮಳೆಗಾಲದಲ್ಲಿ ತೆಂಗಿನ ಮಡಲು ಹೆಣೆದ ತಟ್ಟಿ ತೂಗಿಸಿ, ಆದರೆ ಮೇಲಿನ ಒಂದಡಿ ಬಿಟ್ಟು. ಬಿಸಿ ಗಾಳಿ, ಅಮೋನಿಯ ಹೋಗುವುದು ಆ ಸಂದಿನಿಂದ. ಇಡೀ ಗೂಡಿಗೆ ಟಾರ್ಪಾಲು ಸುತ್ತುವುದನ್ನು ನಾನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಕೋಳಿ ಒದ್ದೆಯಾಗುವುದಿಲ್ಲ ನಿಜ, ಬೇಯುತ್ತದೆ.

ಮಾಡಿಗೆ ಮಂಗಳೂರು ಹಂಚಿಗೆ ಸಮ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗ ಕೋಳಿಯ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೆ ಸಂದಿನಲ್ಲಿ ಗಾಳಿ ಬಿಡುವ, ಬೇಗ ಕಾಯದ, ಒಳಗೆ ಹನಿ ಕಟ್ಟದ ಮಾಡು ಕೋಳಿಗೆ ಹೇಳಿ ಮಾಡಿಸಿದ ಹಾಗಿದೆ. ಹಳೆ ಮನೆ ಕೆಡವುವಲ್ಲಿ ಹಂಚು ಕಮ್ಮಿಗೆ ಸಿಗುತ್ತದೆ. ತಗಡೇ ಗತಿ ಆದರೆ ಮೇಲೆ ಅಡಿಕೆ ಸೋಗೆ ಹೊದೆಸಿ. ಎತ್ತರ ನಡುವಿನಲ್ಲಿ 6 ಅಡಿಗಿಂತ ಕಮ್ಮಿ ಬೇಡ. ನೆಟ್ಟಗೆ ನಿಂತು ಗುಡಿಸಲು ಆಗದ ಗೂಡನ್ನು ಯಾರೂ ದಿನಾ ಗುಡಿಸುವುದಿಲ್ಲ.

ಒಳಗಿನ ಸಾಮಾನು

ಕೂರುವ ಕೋಲಿಗೆ ಕೋಳಿಯೊಂದಕ್ಕೆ 8 ಇಂಚು. 25ಕ್ಕೆ 200 ಇಂಚು, ಸುಮಾರು 17 ಅಡಿ, ಅಂದರೆ 9 ಅಡಿಯ ಎರಡು ಕೋಲು. ಎರಡೂ ಒಂದೇ ಎತ್ತರದಲ್ಲಿ ಇರಲಿ. ಮೆಟ್ಟಿಲಿನ ಹಾಗೆ ಕಟ್ಟಿದರೆ ಮೇಲಿನದಕ್ಕೆ ದಿನಾ ಸಂಜೆ ಯುದ್ಧ. ಅಡಿಕೆ ಮರದ ದಬ್ಬೆ ಕೈಗೆ ಸಿಗುತ್ತದೆ ಅಂತ ಹಾಗೇ ಹಾಕಬೇಡಿ, ಅದರ ಸಿಬಿರು ಪಾದಕ್ಕೆ ಚುಚ್ಚಿ ಗಾಯವಾಗಿ ಕೀವು ತುಂಬುತ್ತದೆ. ಎರಡು ಇಂಚು ದಪ್ಪದ ಪೇರಳೆ ಕೊಂಬೆ ಒಳ್ಳೆಯದು. ಗಿರಿರಾಜದಂಥ ಭಾರದ ತಳಿಗೆ ಕೋಲು ಒಂದೂವರೆ ಅಡಿಗಿಂತ ಮೇಲೆ ಬೇಡ. ಮೊಟ್ಟೆ ಇಡಲು ನಾಲ್ಕೈದು ಹೇಂಟೆಗೆ ಒಂದು ಗೂಡುಪೆಟ್ಟಿಗೆ, ಒಂದಡಿ ಚೌಕ, ಕೋಲಿಗಿಂತ ತಗ್ಗಿನಲ್ಲಿ. ಎತ್ತರದಲ್ಲಿಟ್ಟರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ.

ನೆಲಕ್ಕೆ ಉಮಿ ಮೂರು ಇಂಚು. ಉಮಿ ಸಿಗದಿದ್ದರೆ ಮರದ ಮಿಲ್ಲಿನ ಹೊಟ್ಟು, ತೆಂಗಿನ ನಾರಿನ ಹುಡಿ. ಎರಡು ದಿನಕ್ಕೊಮ್ಮೆ ಕೆದಕಿ ಅಡಿಮೇಲು ಮಾಡಿ. ಒಂದು ಮುಷ್ಟಿ ಹಿಂಡಿ ನೋಡಿ. ಕೈ ಬಿಚ್ಚಿದಾಗ ಉದುರಿದರೆ ಸರಿ, ಉಂಡೆಯಾಗಿ ಉಳಿದರೆ ಒದ್ದೆ, ಬದಲಿಸಿ. ಒದ್ದೆ ನೆಲದಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗದ ರೋಗಾಣು ಒಂದೆರಡು ದಿನದಲ್ಲೇ ಸೋಂಕು ಹಬ್ಬಿಸಲು ತಯಾರಾಗುತ್ತದೆ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಮೊದಲ ಅನುಮಾನ ಅದೇ. ಇನ್ನು ಸುಣ್ಣ. ತೇವ ಎಳೆಯಲಿ ಅಂತ ಸುಣ್ಣ ಎರಚುವ ರೂಢಿ ಉಂಟು. ತೇವ ಎಳೆಯುತ್ತದೆ ಹೌದು, ಆದರೆ ಹಿಕ್ಕೆ ತುಂಬಿದ ಕಡೆ ಸುಣ್ಣ ಬಿದ್ದರೆ ಅಮೋನಿಯ ಆ ಹೊತ್ತಿಗೆ ಇನ್ನೂ ಜಾಸ್ತಿ ಏಳುತ್ತದೆ. ಮೊದಲು ಹಳತು ಬಾಚಿ ತೆಗೆಯಿರಿ, ಕೋಳಿಯನ್ನು ಹೊರಗೆ ಹಾಕಿ, ಆಮೇಲೆ ಸುಣ್ಣ.

ಬಲೆ ಮತ್ತು ಕಳ್ಳರು

ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಮಲಗುವ ಗೂಡಿಗೆ ಅರ್ಧ ಇಂಚಿನ ಬೆಸುಗೆ ಬಲೆಯೇ ಬೇಕು. ಕೇರೆ, ಹೆಗ್ಗಣ, ಮುಂಗುಸಿ ಎಲ್ಲಕ್ಕೂ ಅದೇ ಉತ್ತರ. ಮಲ್ಪೆ, ಪಣಂಬೂರು ಕಡೆ ಕಡಲ ಹತ್ತಿರ ಇರುವವರು ಬೆಸುಗೆಯಾದ ಮೇಲೆ ಸತು ಲೇಪಿಸಿದ ಬಲೆಯನ್ನೇ ಕೇಳಿ ತನ್ನಿ, ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಬೆಸುಗೆಯ ಜಾಗಕ್ಕೆ. ಹೆಗ್ಗಣ ಅಡಿಯಿಂದ ಕೊರೆಯುತ್ತದೆ. ನಮ್ಮ ಮುರ ಮಣ್ಣಿನಲ್ಲಿ ಹೊಂಡ ತೋಡಿ ಬಲೆ ಹುಗಿಯುವುದು ಸೊಂಟ ಮುರಿಯುವ ಕೆಲಸ. ಅದರ ಬದಲು ಗೋಡೆಯ ಬುಡದಿಂದ ಹೊರಕ್ಕೆ ಎರಡಡಿ ಬಲೆ ಹಾಸಿ ಮೇಲೆ ಕಲ್ಲು ಹೇರಿದರೆ ಸಾಕು.

ಬಯಲು ಅಂಗಳದ ಮೇಲೆ ಗಿಡುಗಕ್ಕೆ ಅಡ್ಡ ಹಳೆ ಮೀನುಬಲೆ ಕಟ್ಟಬಹುದು. ನೆಲಕ್ಕೆ ಮಾತ್ರ ತಾಗಿಸಬೇಡಿ. ಪಕ್ಕದ ಮನೆಯಲ್ಲಿ ಕೆಳಗಿನವರೆಗೆ ಇಳಿಬಿಟ್ಟಿದ್ದರು, ಒಂದು ಕೇರೆ ನೈಲಾನಿಗೆ ಸಿಕ್ಕಿ ಹೊರಳಿ ಹೊರಳಿ ಸತ್ತುಹೋಯಿತು. ಹೆಬ್ಬಾವು ಗೂಡಲ್ಲಿ ಸಿಕ್ಕರೆ ಅದು ಸಾಮಾನ್ಯವಾಗಿ ಕೋಳಿ ನುಂಗಿ, ಬಂದ ಸಂದಿನಿಂದ ಹೊರಹೋಗಲಾಗದೆ ಬಿದ್ದಿರುತ್ತದೆ. ಹೊಡೆಯುವ ಹಾಗಿಲ್ಲ, ಕಾನೂನಿನ ರಕ್ಷಣೆ ಇರುವ ಪ್ರಾಣಿ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ತಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಿರಿರಾಜ, ಸ್ವರ್ಣಧಾರಾ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದವು. ಸ್ವರ್ಣಧಾರಾ ಗಿರಿರಾಜಕ್ಕಿಂತ ಹಗುರ, ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಬೇಲಿ ಗಟ್ಟಿ ಇಲ್ಲದವರು ಗಿರಿರಾಜ ಸಾಕಿ ಅಳುವುದಕ್ಕಿಂತ ಅದನ್ನು ನೋಡಬಹುದು.

ಅಂಗಳದ ಕೆಸರು

ಹೊಸ ಅಂಗಳದ ಹುಲ್ಲು ಕೋಳಿಗೆ ಒಂದು ತಿಂಗಳಿನ ಸೊತ್ತು. ಆಮೇಲೆ ಕೆಂಪು ಮಣ್ಣು, ಮಳೆ ಬಂದರೆ ಗದ್ದೆ. ಬಯಲನ್ನು ಎರಡು ಭಾಗ ಮಾಡಿ ಒಂದೊಂದು ತಿಂಗಳು ಬಿಟ್ಟರೆ ಇನ್ನೊಂದು ಸುಧಾರಿಸುತ್ತದೆ. ಜಾಗ ಸ್ವಲ್ಪ ಇಳಿಜಾರಿರಲಿ, ಮೇಲ್ಭಾಗದಲ್ಲಿ ಒಂದಡಿಯ ಕಣಿ ತೋಡಿ ಗುಡ್ಡದ ನೀರನ್ನು ಆಚೆ ತಿರುಗಿಸಿ. ಬಾಗಿಲ ಎದುರು ತೆಂಗಿನ ಸಿಪ್ಪೆ ಬೋರಲು ಹಾಸಿದರೆ ಕಾಲಿನ ಕೆಸರು ಒಳಗೆ ಬರುವುದಿಲ್ಲ.

ಮಾಡು ಇರುವ ಅಂಗಳಕ್ಕೆ ನಾನು ತರಗೆಲೆ ತುಂಬುತ್ತೇನೆ. ಹಲಸು, ಗೇರು, ಮಾವು, ಬೇಸಿಗೆಯಲ್ಲಿ ಗುಡಿಸಿ ಗೋಣಿಯಲ್ಲಿ ಕಟ್ಟಿಟ್ಟದ್ದು. ಕೆದಕಲು ಏನಾದರೂ ಇದ್ದರೆ ಕೋಳಿ ಇನ್ನೊಂದರ ಬಾಲ ಕೆದಕುವುದಿಲ್ಲ. ಮೇವಿನ ಪಾತ್ರೆ ಎರಡು ಕಡೆ ಇಡಿ, ನಡುವೆ ಒಂದು ಹಲಗೆ ಅಡ್ಡ ನಿಲ್ಲಿಸಿ. ಕೆಳಜಾತಿಯ ಸೊಸೆಯ ಹಾಗೆ ಮೂಲೆಗೆ ತಳ್ಳಿಸಿಕೊಂಡ ಕೋಳಿಗೂ ದೊಡ್ಡ ಹುಂಜದ ಕಣ್ಣು ತಪ್ಪಿಸಿ ಎರಡು ಕಾಳು ಸಿಗಬೇಕು.

ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಪತ್ತನಾಜೆಗೆ ಮೊದಲು, ಅಂದರೆ ಮೇ 20ರ ಹೊತ್ತಿಗೆ ಮಾಡಿನ ಕೆಲಸ ಮುಗಿದಿರಲಿ. ಏನನ್ನೂ ಕೊಳ್ಳುವ ಮುಂಚೆ ನೆಲದ ಮೇಲೆ ಹಗ್ಗ ಕಟ್ಟಿ 10 ಅಡಿಗೆ 10 ಅಡಿ ಗುರುತು ಮಾಡಿ. ನಾನು ಕಟ್ಟಿದಾಗ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ "ಎಂತ, ಮದುವೆ ಚಪ್ಪರವಾ ಮಾರಾಯ್ರೆ?" ಅಂತ ಕೇಳಿದರು. ಆಗಸ್ಟ್‌ನಲ್ಲಿ ಅವರೇ ಟೇಪು ಕೇಳಲು ಬಂದರು.

ಹಳೆ ಕಬ್ಬಿಣದ ಗೂಡನ್ನು ಗುಜರಿಗೆ ಹಾಕಲಿಲ್ಲ. ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ದೂರದಲ್ಲಿ ಬೇರೆ ಇಟ್ಟು ನೋಡಬೇಕು, ಇಲ್ಲದಿದ್ದರೆ ರಾಣಿಖೇತ್‌ನಂಥ ರೋಗ ಇಡೀ ಹಿಂಡಿಗೆ ಬರುತ್ತದೆ. ಅದಕ್ಕೆ ಆ ಗೂಡು ಸರಿಯಾಯಿತು. ಹಿಂಡಿಗೆ ಸೇರಿಸುವ ದಿನ ಕತ್ತಲಾದ ಮೇಲೆ ಕೋಲಿನ ಮೇಲೆ ಕೂರಿಸುತ್ತೇನೆ, ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಮ್ಮಿ, ಆ ರಾತ್ರಿಗೆ ಜಗಳ ಇಲ್ಲ. ಸದ್ಯ ಅದರಲ್ಲಿ ಒಂದು ಹೇಂಟೆ ಹನ್ನೊಂದು ಮೊಟ್ಟೆಯ ಮೇಲೆ ಕೂತಿದೆ.