ಓಡ್ತಾ ಓಡ್ತಾನೇ ಹುಡುಗ ಬಿದ್ರೆ ಬಿಸಿಲು ಅಂತ ಬಿಟ್ಬಿಡ್ಬೇಡಿ
ಗೋವಾದ ವಾಸ್ಕೋದಲ್ಲಿ ಡಾಕ್ಟರಾಗಿರೋ ನನ್ನ ಹತ್ರ ಬರೋ ಬೈನಾ, ಝುವಾರಿನಗರದ ಕನ್ನಡದ ಹುಡುಗರಲ್ಲಿ ಫುಟ್‌ಬಾಲ್ ಆಡೋರು ತುಂಬ ಜನ, ಅಪ್ಪ ಅಮ್ಮ ಬಾಗಲಕೋಟೆ ಗದಗ ಕಡೆಯೋರು, ಫಿಟ್‌ನೆಸ್ ಸರ್ಟಿಫಿಕೇಟ್ ಕೇಳ್ಕೊಂಡು ಬರ್ತಾರೆ. ಸೈನ್ ಹಾಕೋ ಮುಂಚೆ ಕೇಳ್ತೀನಿ, ಓಡೋವಾಗ ಯಾವತ್ತಾದ್ರೂ ಬಿದ್ದಿದ್ದಾನಾ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ತಟ್ಟಂತ ಹೋಗಿದ್ದಾರಾ ಅಂತ. ಎರಡೂ ಹಾರ್ಟಿನ ತೊಂದ್ರೆಯ ಸುಳಿವಾಗಿರಬಹುದು.

ಮೊದಲು "ಏನಿಲ್ರೀ ಸರ" ಅಂತಾರೆ. ಕೂರಿಸಿ ಮಾತಾಡಿಸಿದ್ರೆ ಒಂದೊಂದೇ ಬರತ್ತೆ. "ಬಿಸಲಾಗ ಚಕ್ಕರ್ ಬಂದಿತ್ರೀ, ನಾಷ್ಟಾ ಮಾಡಿದ್ದಿಲ್ಲ." "ಅವರ ಕಾಕಾ ಬಾವ್ಯಾಗ ಮುಳುಗಿ ಸತ್ತ್ರು, ಈಸಾಕ ಚಲೋ ಬರ್ತಿತ್ತು ಮತ್ತ." ಈಜು ಬರೋನು ಮುಳುಗಿದ ಅಂದ್ರೆ ನಾನು ಆ ಹುಡುಗನಿಗೆ ಇಸಿಜಿ ಮಾಡಿಸೇ ಮಾಡಿಸ್ತೀನಿ, ಯಾಕಂದ್ರೆ ವಂಶದಲ್ಲಿ ಬರೋ ಲಾಂಗ್ ಕ್ಯೂಟಿ ಅನ್ನೋ ಹಾರ್ಟಿನ ತೊಂದ್ರೆ ಇದ್ರೆ ಈಜೋವಾಗ್ಲೇ ಹಾರ್ಟಿನ ಬಡಿತ ಹದ ತಪ್ಪಬಹುದು. ಆಟ ಮುಗಿಸಿ ನಿಂತಾಗ ಕಣ್ಣು ಕತ್ತಲೆ ಬರೋದು ಬಹಳ ಸಲ ಅಪಾಯದ್ದಲ್ಲ, ಆದ್ರೆ ಚೆಂಡಿನ ಹಿಂದೆ ಓಡ್ತಿರೋವಾಗ್ಲೇ ಬಿದ್ರೆ ಇಸಿಜಿ, ಎಕೋ (ಹಾರ್ಟಿನ ಸ್ಕ್ಯಾನ್) ಆಗಿ ಕಾರಣ ಗೊತ್ತಾಗೋ ತನಕ ಆಟ ಬಂದ್.

ಹಾರ್ಟಿನ ಗೋಡೆ ದಪ್ಪ ಆಗೋ ಕಾಯಿಲೆ ಇದ್ರೆ ಬಹುಪಾಲು ಇಸಿಜಿಯಲ್ಲೇ ಸುಳಿವು ಸಿಗತ್ತೆ, ಹಾರ್ಟಿಗೆ ರಕ್ತ ಕೊಡೋ ಕರೋನರಿ ನಾಳ ತಪ್ಪು ಜಾಗದಿಂದ ಹುಟ್ಟಿದ್ರೆ ಸಾಮಾನ್ಯವಾಗಿ ಸಿಗಲ್ಲ, ಅದಕ್ಕೇ ಆಡೋವಾಗ ಎದೆನೋವು ಬರೋ ಹುಡುಗನ ರಿಪೋರ್ಟ್ ನಾರ್ಮಲ್ ಅಂತ ನಾನು ಸುಮ್ಮನಾಗಲ್ಲ. ಇಟಲಿಯಲ್ಲಿ 1982ರಿಂದ ಆಟಗಾರರಿಗೆ ಇಸಿಜಿ ಸಮೇತ ಚೆಕಪ್ ಕಡ್ಡಾಯ, ವೆನೆಟೋ ಪ್ರಾಂತ್ಯದಲ್ಲಿ ಆಟಗಾರರು ಹಾರ್ಟ್ ನಿಂತು ತಟ್ಟಂತ ಸಾಯೋ ಪ್ರಮಾಣ 2004ರ ಹೊತ್ತಿಗೆ 89% ಇಳೀತು. ಇನ್ನೊಂದು, ಜ್ವರ ಬಂದಾಗ ದಯವಿಟ್ಟು ಪ್ರಾಕ್ಟೀಸ್‌ಗೆ ಕಳಿಸ್ಬೇಡಿ, ವೈರಸ್ಸಿಂದ ಹಾರ್ಟಿಗೂ ಊತ ಬರಬಹುದು.

ಇಷ್ಟೆಲ್ಲ ಮಾಡಿದ್ರೂ ಕೆಲವು ತಪ್ಪಿಹೋಗತ್ತೆ, ಆಗ ಉಳಿಸೋದು ಮೈದಾನದಲ್ಲಿರೋರೇ. ನಮ್ಮ ಗೋವಾದ ಡೆಂಪೋ ಕ್ಲಬ್ಬಿನ ಆಟಗಾರ ಕ್ರಿಸ್ಟಿಯಾನೋ ಜೂನಿಯರ್ 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವದಲ್ಲಿ ಫೆಡರೇಶನ್ ಕಪ್ ಫೈನಲ್ ಆಡ್ತಾ ಕುಸಿದುಬಿದ್ದ, ಉಳೀಲಿಲ್ಲ. 2021ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಆಟಗಾರ ಎರಿಕ್ಸನ್ ಬಿದ್ದಾಗ ಅಲ್ಲೇ ಎದೆ ಒತ್ತಿ, ಮೆಷಿನ್ನಿಂದ ಹಾರ್ಟಿಗೆ ಶಾಕ್ ಕೊಟ್ರು, ಬದುಕಿದ, ಮತ್ತೆ ಆಡಿದ.

ಹಾರ್ಟ್ ನಿಂತೋನ ಕೈಕಾಲು ಒಂದೆರಡು ಸಲ ಅದುರತ್ತೆ, ಬಾಯಿ ಬಿಟ್ಟು ಗೊರಗೊರ ಅಂತಾನೆ, ಜನ ಫಿಟ್ಸ್ ಅಂದ್ಕೊಂಡು ಕೈಗೆ ಕೀ ಕೊಟ್ಟು ಈರುಳ್ಳಿ ಮೂಸಿಸ್ತಾರೆ, ಇಲ್ಲಿ ಶಾಕ್ ತಡ ಆಗೋ ಒಂದೊಂದು ನಿಮಿಷಕ್ಕೂ ಬದುಕೋ ಅವಕಾಶ 7ರಿಂದ 10% ಇಳೀತಾ ಇರತ್ತೆ. ಅಲುಗಾಡಿಸಿದ್ರೂ ಎಚ್ಚರ ಇಲ್ಲ, ಉಸಿರು ಸರಿಯಿಲ್ಲ ಅಂದ್ರೆ ಒಬ್ಬರು 108ಕ್ಕೆ ಫೋನ್ ಮಾಡಿ, ಒಬ್ಬರು ಎದೆ ಮಧ್ಯ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಒಳಹೋಗೋ ಹಾಗೆ ಒತ್ತಿ. ಟೂರ್ನಮೆಂಟ್‌ಗೆ ಚಂದಾ ಎತ್ತೋವಾಗ ಶಾಕ್ ಕೊಡೋ ಒಂದು ಎಇಡಿ ಮೆಷಿನ್‌ಗೂ ಸೇರಿಸಿ ಎತ್ತಿ, ಅದನ್ನ ಬೀಗ ಹಾಕಿರೋ ರೂಮಲ್ಲಿಡ್ದೆ ಗೋಲ್‌ಪೋಸ್ಟ್ ಪಕ್ಕ ಇಡಿ, ಆನ್ ಮಾಡಿದ್ರೆ ಏನು ಮಾಡ್ಬೇಕು ಅಂತ ಮೆಷಿನ್ನೇ ಹೇಳತ್ತೆ.